ಹದಿನಾಲ್ಕು ಕಲೆಯ ಕೋಟು

ಚಿಕ್ಕಮ್ಮ ಯಾರ ತಾಯಿಗೂ ತಂಗಿಯಲ್ಲ. ಆದರೂ ಆ ಬೀದಿಯಲ್ಲಿ ಆಕೆಯನ್ನು ಚಿಕ್ಕಮ್ಮ ಎಂದು ಕರೆಯದವರು ಇಬ್ಬರೇ. ಒಬ್ಬಳು ಸೊಸೆ, ಅವಳಿಗೆ ಆಕೆ ಅತ್ತೆ. ಇನ್ನೊಬ್ಬ ಮಗ, ಅವನು ಹೆಂಡತಿಯ ಎದುರಿಗೆ ತಾಯಿಯನ್ನು ಏನೆಂದೂ ಕರೆಯದೆ ಕೆಮ್ಮುತ್ತಾನೆ, ಅಷ್ಟೆ. ಉಳಿದಂತೆ ಲಾಂಡ್ರಿಯ ಯಜಮಾನರಿಗೆ, ಅವರ ಬಾಮೈದನಿಗೆ, ಇಸ್ತ್ರಿಯವನಿಗೆ, ಬಟ್ಟೆ ಕೊಡಲು ಬರುವ ಮುದುಕರಿಗೆ, ಮಕ್ಕಳಿಗೆ ಎಲ್ಲರಿಗೂ ಆಕೆ ಚಿಕ್ಕಮ್ಮ. ಒಮ್ಮೆ ಬೊಚ್ಚುಬಾಯಿಯ ಅಜ್ಜನೊಬ್ಬ ಹಾಗೆ ಕರೆದಾಗ ಮಾತ್ರ, "ನಿಮಗೆ ನಾನು ಚಿಕ್ಕಮ್ಮ ಆದರೆ ನಿಮ್ಮ ತಾಯಿಗೆ ಈಗ ಎಷ್ಟು ವಯಸ್ಸು?" ಎಂದು ಕೇಳಿದ್ದಳು.

ಲಾಂಡ್ರಿಯಲ್ಲಿ ಮೂರು ಕೋಣೆ. ಮುಂದಿನದರಲ್ಲಿ ಕೌಂಟರು, ಚೀಟಿ ಪುಸ್ತಕ, ಮುಗಿದ ಬಟ್ಟೆಗಳನ್ನು ತೂಗುಹಾಕುವ ಕಂಬಿ. ನಡುವಿನದರಲ್ಲಿ ಎರಡು ತೊಟ್ಟಿ, ಎರಡು ಯಂತ್ರ, ಇಸ್ತ್ರಿಯ ಮೇಜು. ಅಲ್ಲಿ ಸದಾ ಹಬೆ. ಹಿಂದಿನದು ಚಿಕ್ಕಮ್ಮನದು. ಉತ್ತರಕ್ಕೆ ಒಂದು ದೊಡ್ಡ ಕಿಟಕಿ, ಕಿಟಕಿಯ ಕೆಳಗೆ ಬಿಳಿ ಬಟ್ಟೆ ಹೊದಿಸಿದ ಮೇಜು, ಮೇಜಿನ ಮೇಲೆ ಹನ್ನೊಂದು ಸೀಸೆ, ಎರಡು ಚಮಚ, ಒಂದು ಭೂತಗನ್ನಡಿ. ಮೂವತ್ತೊಂದು ವರ್ಷದಿಂದ ಆಕೆ ಅದೇ ಸ್ಟೂಲಿನ ಮೇಲೆ ಕೂತಿದ್ದಾಳೆ. ಸ್ಟೂಲಿನ ಕಾಲು ಎರಡು ಸಲ ಬದಲಾಗಿವೆ, ಆಕೆ ಬದಲಾಗಿಲ್ಲ.

ಆಕೆಯ ಓದು ನಿಧಾನ, ಬರೆಯುವುದು ಇನ್ನೂ ನಿಧಾನ. ಆದರೆ ಒಂದು ವಿಷಯದಲ್ಲಿ ಆಕೆಯ ಮಾತು ವಕೀಲರ ಮಾತಿಗಿಂತ ಬಿಗಿ. ಕೊಳೆ ಹೋಗಲಾಡಿಸುವ ಕೆಲಸಕ್ಕೆಲ್ಲ ಒಂದೇ ಹೆಸರಿಟ್ಟು ಕರೆದರೆ ಆಕೆಗೆ ಮೈಯೆಲ್ಲ ಉರಿ. ಧೂಳಾದರೆ ಕೊಡವಬೇಕು, ಒದ್ದೆಯಾದರೆ ಒರೆಸಬೇಕು. ಮೇಣ ಬಿದ್ದಿದ್ದರೆ ಹೆರೆಯಬೇಕು, ಅದೂ ಚಮಚದ ಬೆನ್ನಿನಿಂದ. ಬ್ರಷ್ಷು ಹಿಡಿದರೆ ತಿಕ್ಕುವುದು, ಬಟ್ಟೆಗೆ ಬಟ್ಟೆ ತಾಗಿಸಿದರೆ ಉಜ್ಜುವುದು. ಎರಡೂ ಒಂದೇ ಎನ್ನುವವನಿಗೆ ಉಣ್ಣೆ ಬಟ್ಟೆ ಮುಟ್ಟುವ ಯೋಗ್ಯತೆ ಇಲ್ಲ. ಎಣ್ಣೆಯನ್ನು ತಿಕ್ಕಲೂಬಾರದು, ಉಜ್ಜಲೂಬಾರದು. ಸೀಮೆಸುಣ್ಣದ ಪುಡಿ ಉದುರಿಸಿ ಹೀರಿಸಬೇಕು. ಅಳಿಸುವುದು ಎಂಬುದು ಕಾಗದಕ್ಕೆ ಸೇರಿದ್ದು, ಬಟ್ಟೆಗಲ್ಲ. ಇನ್ನು ಕೆರೆಯುವುದು ಎಂದರೆ ಆಕೆಯ ಕೋಣೆಯಲ್ಲಿ ಬೈಗುಳ. ಎಲ್ಲದಕ್ಕಿಂತ ಮೇಲಿನದು ಬಿಡಿಸುವುದು.

"ಕಲೆ ಬಟ್ಟೇನ ಹಿಡ್ಕೊಂಡಿರುತ್ತೆ," ಎನ್ನುತ್ತಿದ್ದಳು. "ನೀನು ಎಳೆದಷ್ಟೂ ಗಟ್ಟಿಯಾಗಿ ಹಿಡಿಯುತ್ತೆ, ಹಠ ಮಾಡೋ ಮಗು ಥರ. ಯಾಕೆ ಹಿಡ್ಕೊಂಡಿದ್ದೆ ಅನ್ನೋದೇ ಅದಕ್ಕೆ ಮರೆತುಹೋಗಬೇಕು. ಆಗ ತಾನಾಗೇ ಬಿಡುತ್ತೆ."

ಮನೆಯಲ್ಲೂ ಇದೇ ಕಾಟ. ಸೊಸೆ ಒಂದು ದಿನ ಗಂಡನಿಗೆ, "ಆ ಮೇಜು ಒಂಚೂರು ಕ್ಲೀನ್ ಮಾಡ್ರೀ" ಎಂದಳು.

"ಏನು ಮಾಡಬೇಕು ಅಂತ ಅವನಿಗೆ ಹೇಗೆ ಗೊತ್ತಾಗಬೇಕು?" ಎಂದಳು ಚಿಕ್ಕಮ್ಮ. "ಚೂರುಪಾರು ಬಾಚಬೇಕಾ, ನೀರು ಒರೆಸಬೇಕಾ, ಅಂಟಿದ್ದು ಹೆರೆಯಬೇಕಾ?"

"ಅತ್ತೆ, ಮೂವತ್ತೊಂದು ವರ್ಷದಿಂದ ಕಂಡಕಂಡದ್ದನ್ನೆಲ್ಲ ಬಿಡಿಸ್ತಾ ಇದ್ದೀರಿ. ನಿಮ್ಮ ಬಾಯಿಂದ ನನ್ನನ್ನೂ ಒಂದಿನ ಬಿಡಿಸಿ, ಪುಣ್ಯ ಬರುತ್ತೆ."

ಮಗ ಕೆಮ್ಮಿದ.

ಆಕೆಯ ಈ ಬಿಗಿಯಿಂದಾಗಿ ಲಾಂಡ್ರಿಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಬಟ್ಟೆ ಕೌಂಟರಿಗೆ ಬಂದ ಕೂಡಲೇ ಅದಕ್ಕೆ ಮಾಡಬೇಕಾದ ಕೆಲಸವನ್ನು ಚೀಟಿಯ ಮೇಲೆ ಬರೆದು, ಪಿನ್ನು ಚುಚ್ಚಿ ಒಳಗೆ ಕಳಿಸಬೇಕು. ಕೊಡವು, ಒಗೆ, ಹೀರಿಸು, ಬಿಡಿಸು, ಹೀಗೆ. ಚೀಟಿ ಹೇಳಿದ್ದನ್ನು ಚಿಕ್ಕಮ್ಮ ಮಾಡುತ್ತಾಳೆ. ಅದಕ್ಕಿಂತ ಕಡಿಮೆಯೂ ಇಲ್ಲ, ಹೆಚ್ಚೂ ಇಲ್ಲ. ಯಜಮಾನರೇ ಕೌಂಟರಿನಲ್ಲಿ ಕೂರುತ್ತಿದ್ದಷ್ಟು ಕಾಲ ಎಲ್ಲ ಸುಸೂತ್ರವಾಗಿ ನಡೆಯಿತು. ಅವರಿಗೆ ಮಂಡಿನೋವು ಹೆಚ್ಚಾಗಿ ಹೆಂಡತಿಯ ತಮ್ಮನನ್ನು ಅಲ್ಲಿ ಕೂರಿಸಿದರು.

ಬಾಮೈದ ಕೆಟ್ಟವನಲ್ಲ. ಯಾರು ಬೈದರೂ ನಗುವವನು. ಆದರೆ ಅವನ ಕೈಗೆ ಬಂದದ್ದು ನೆಲಕ್ಕೆ ಹೋಗುತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ಚಹಾ ಬಂದರೆ ಅರ್ಧ ಅವನ ಹೊಟ್ಟೆಗೆ, ಅರ್ಧ ಕೌಂಟರಿಗೆ. ಬರೆಯುವುದೆಂದರೆ ಅವನಿಗೆ ಜ್ವರ ಬಂದಂತೆ. ಬಂದ ಎರಡನೇ ವಾರದಲ್ಲೇ ಎಲ್ಲಿಂದಲೋ ಒಂದು ರಬ್ಬರ್ ಮುದ್ರೆ ಮಾಡಿಸಿಕೊಂಡು ಬಂದ. ಠಪ್ ಎಂದು ಒತ್ತಿದರೆ ಚೀಟಿಯ ಮೇಲೆ ನೇರಳೆ ಬಣ್ಣದಲ್ಲಿ ಮೂಡುತ್ತಿತ್ತು: "ಎಲ್ಲಾ ತೆಗೆಯುವುದು."

"ಏನಪ್ಪಾ ಇದು?" ಎಂದು ಚಿಕ್ಕಮ್ಮ ಚೀಟಿ ಹಿಡಿದುಕೊಂಡು ಮುಂದಿನ ಕೋಣೆಗೆ ಬಂದಳು.

"ಚಿಕ್ಕಮ್ಮ, ಕೊನೆಗೆ ಎಲ್ಲಾ ಹೋಗೋದು ತಾನೇ? ಒರೆಸಿದರೂ ಹೋಗುತ್ತೆ, ಒಗೆದರೂ ಹೋಗುತ್ತೆ. ಹೋಗೋದಕ್ಕೆ ಹತ್ತು ಹೆಸರು ಯಾಕೆ?"

"ನೀನು ಮನೆಗೆ ಹೋಗೋದೂ ಹೋಗೋದೇ, ಬಾವಿಗೆ ಬಿದ್ದು ಹೋಗೋದೂ ಹೋಗೋದೇ. ಎರಡಕ್ಕೂ ಒಂದೇ ಮುದ್ರೆ ಒತ್ತಲಾ?"

ಇಸ್ತ್ರಿಯವನು ನಗುವ ಭರದಲ್ಲಿ ಒಂದು ಕಾಲರಿಗೆ ಎರಡು ಮಡಿಕೆ ಹಾಕಿದ. ಬಾಮೈದನೂ ನಕ್ಕ. ಯಜಮಾನರು ಮಾತ್ರ, "ಇರಲಿ ಬಿಡಿ ಚಿಕ್ಕಮ್ಮ, ಹೊಸಬ. ನಿಮಗೆ ಬಟ್ಟೆ ನೋಡಿದರೆ ತಿಳಿಯಲ್ವಾ?" ಎಂದು ಮಂಡಿ ನೀವಿಕೊಂಡರು. ಹೆಂಡತಿಯ ತಮ್ಮನ ವಿಷಯದಲ್ಲಿ ಯಾವ ಗಂಡಸು ನೆಟ್ಟಗೆ ತೀರ್ಪು ಕೊಟ್ಟಿದ್ದಾನೆ?

ಒಂದು ಮಂಗಳವಾರ ಬೆಳಿಗ್ಗೆ ನಾಟಕ ಕಂಪನಿಯ ಪೆಟ್ಟಿಗೆಯಕ್ಕ ಬಂದಳು. ವೇಷದ ಪೆಟ್ಟಿಗೆಗಳ ಬೀಗದಕೈಯೆಲ್ಲ ಅವಳ ಸೊಂಟದಲ್ಲಿ ಇರುತ್ತಿದ್ದವು, ಅದರಿಂದ ಆ ಹೆಸರು. ಕಂಪನಿಗೆ ಹೊಸ ಮ್ಯಾನೇಜರು ಬಂದು, ವೇಷದ ಬಟ್ಟೆಗಳೆಲ್ಲ ಒಂದು ಸಲ ಲಾಂಡ್ರಿ ಕಂಡು ಬರಲಿ ಎಂದಿದ್ದರಂತೆ. ಅವಳು ಬೆಣ್ಣೆ ಬಣ್ಣದ ಒಂದು ಉಣ್ಣೆ ಕೋಟನ್ನು ಎಳೆ ಮಗುವನ್ನು ಮಲಗಿಸುವ ಹಾಗೆ ಕೌಂಟರಿನ ಮೇಲೆ ಮಲಗಿಸಿದಳು.

"ಇದನ್ನ ಬರೀ ಕೊಡವಿ, ಗಾಳಿಗೆ ಹಾಕಿ ಕೊಡಿ. ಬೇರೆ ಏನೂ ಬೇಡ. ಕೇಳಿಸ್ತಾ? ಶುಕ್ರವಾರ ಬರ್ತೀನಿ."

"ಆಯ್ತಕ್ಕಾ," ಎಂದ ಬಾಮೈದ. ಅವನಿಗೆ ಚೆನ್ನಾಗಿಯೇ ಕೇಳಿಸಿತ್ತು. ಠಪ್ ಎಂದು ಒತ್ತಿದ.

ಕೋಟನ್ನು ಮೇಜಿನ ಮೇಲೆ ಹರಡಿದಾಗ ಚಿಕ್ಕಮ್ಮನ ಕಣ್ಣು ಅರಳಿದವು. ಇಷ್ಟು ಹಳೆಯ, ಇಷ್ಟು ಬಗೆಯ ಕಲೆಗಳನ್ನು ಒಂದೇ ಬಟ್ಟೆಯ ಮೇಲೆ ಆಕೆ ಹಿಂದೆಂದೂ ಕಂಡಿರಲಿಲ್ಲ. ಎಣಿಸಿದಳು. ಚಹಾ ಐದು, ಎಣ್ಣೆ ಮೂರು, ಮೊಟ್ಟೆ ಎರಡು, ಹಣ್ಣಿನ ರಸ ಎರಡು, ಶಾಯಿ ಒಂದು, ಮೇಣ ಒಂದು. ಒಟ್ಟು ಹದಿನಾಲ್ಕು. ಎಡಭುಜದಿಂದ ಕೆಳಕ್ಕೆ ಏಳು, ಬಲಭುಜದಿಂದ ಕೆಳಕ್ಕೆ ಏಳು. ಬೆನ್ನ ಮೇಲೆ ಒಂದೂ ಇಲ್ಲ, ಮೊಣಕೈ ಮೇಲೂ ಇಲ್ಲ. ಚೆಲ್ಲಿಕೊಳ್ಳುವುದರಲ್ಲೂ ಎಂಥ ಅಚ್ಚುಕಟ್ಟು ಈ ಮನುಷ್ಯನದು ಎಂದುಕೊಂಡಳು. ಅಲ್ಲಿಂದ ಮುಂದಕ್ಕೆ ಇನ್ನು ಒಂದೇ ಒಂದು ಹೆಜ್ಜೆ ಯೋಚಿಸಿದ್ದರೂ ಆಗುತ್ತಿತ್ತು. ಆದರೆ ಚೀಟಿ ನೋಡಿದಳು. ಎಲ್ಲಾ ತೆಗೆಯುವುದು. ಸರಿ.

ಕಲೆ ಮುಟ್ಟುವುದಕ್ಕೆ ಮೊದಲು ಆಕೆ ಮಾಡುವ ಕೆಲಸ ಒಂದಿದೆ. ಬಟ್ಟೆ ಒದ್ದೆಯಾದಾಗ ಕಲೆ ಕಣ್ಣಿಗೆ ಬೀಳುವುದಿಲ್ಲ, ಒಣಗಿದ ಮೇಲೆ ಮತ್ತೆ ಹಲ್ಲು ಕಿರಿಯುತ್ತದೆ. ಅದಕ್ಕಾಗಿ ಪ್ರತಿ ಕಲೆಯ ಸುತ್ತ ದಾರದಲ್ಲಿ ನಾಲ್ಕು ಸಡಿಲ ಹೊಲಿಗೆ ಹಾಕಿಕೊಳ್ಳುತ್ತಾಳೆ. ಚಹಾಕ್ಕೆ ಕಂದು ದಾರ, ಎಣ್ಣೆಗೆ ಹಳದಿ, ಮೊಟ್ಟೆಗೆ ಕಿತ್ತಳೆ, ಹಣ್ಣಿಗೆ ಕೆಂಪು, ಶಾಯಿಗೆ ನೀಲಿ, ಮೇಣಕ್ಕೆ ಬಿಳಿ. ಕಲೆ ಹೋಯಿತೆಂದು ಖಾತ್ರಿಯಾದ ಮೇಲೆ ಆ ದಾರವನ್ನು ಎಳೆದು ಒಂದು ರಟ್ಟಿನ ಚೂರಿಗೆ, ಕಲೆ ಬಟ್ಟೆಯ ಮೇಲಿದ್ದ ಕ್ರಮದಲ್ಲೇ, ಸಾಲಾಗಿ ಸುತ್ತಿ, ಬಟ್ಟೆಯ ನಂಬರು ಹಾಕಿ ಮೊಳೆಗೆ ನೇತುಹಾಕುತ್ತಾಳೆ. ಯಾರಾದರೂ "ಒಂದು ಬಿಟ್ಟಿದ್ದೀರಿ" ಎಂದು ಜಗಳಕ್ಕೆ ಬಂದರೆ ರಟ್ಟು ತೋರಿಸಿ ಬಾಯಿ ಮುಚ್ಚಿಸಬಹುದು. ಬೇರೆಯವರು ಬರೆದಿಡುವುದನ್ನು ಆಕೆ ಹೊಲಿದಿಡುತ್ತಾಳೆ.

ಮಂಗಳವಾರ ಎಣ್ಣೆ ಹೀರಿಸಿದಳು, ಮೇಣ ಹೆರೆದಳು. ಬುಧವಾರವಿಡೀ ಚಹಾ. ಹಳೆಯ ಚಹಾ ಎಂದರೆ ಹಳೆಯ ಬಾಡಿಗೆದಾರನ ಹಾಗೆ, ಎಬ್ಬಿಸಲಾಗದು. ಗ್ಲಿಸರಿನ್ ಸವರಿ, ಎರಡು ತಾಸು ಕಾದು, ಉಗುರುಬೆಚ್ಚಗಿನ ನೀರಲ್ಲಿ ಜಾಲಿಸಿ, ಮತ್ತೆ ಸವರಿ ಮತ್ತೆ ಕಾದಳು. ಗುರುವಾರ ಮೊಟ್ಟೆ, ಹಣ್ಣು, ಕೊನೆಗೆ ಶಾಯಿ. ಊಟಕ್ಕೂ ಏಳಲಿಲ್ಲ. ಶುಕ್ರವಾರ ಬೆಳಿಗ್ಗೆ ಕೋಟನ್ನು ಕಿಟಕಿಗೆ ತೂಗುಹಾಕಿ ಎಲ್ಲರನ್ನೂ ಕರೆದಳು.

"ಹದಿನಾಲ್ಕಕ್ಕೆ ಹದಿನಾಲ್ಕು," ಎಂದಳು. "ಹುಡುಕಿ ನೋಡಿ."

ಯಜಮಾನರು ಮಂಡಿನೋವು ಮರೆತು ಎರಡು ಸುತ್ತು ಬಂದರು. ಬಾಮೈದ ಭೂತಗನ್ನಡಿಯಲ್ಲಿ ಹುಡುಕಿದ. ಕೋಟು ಹಸುಗೂಸಿನ ಕೆನ್ನೆಯಂತಿತ್ತು.

ಮಧ್ಯಾಹ್ನ ಪೆಟ್ಟಿಗೆಯಕ್ಕ ಬಂದಳು. ಕೋಟು ಕಂಡಳು. ಕೌಂಟರಿನ ಮುಂದೆ ನೆಲದ ಮೇಲೆಯೇ ಕೂತುಬಿಟ್ಟಳು. ಸೊಂಟದ ಬೀಗದಕೈಗಳು ಝಲ್ಲೆಂದವು.

"ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ," ಎಂದಳು ಕೊನೆಗೆ. "ಹನ್ನೊಂದು ವರ್ಷದ್ದು. ನೀವು ಮೂರು ದಿನದಲ್ಲಿ ಮುಗಿಸಿದಿರಲ್ಲಾ."

ಆಮೇಲೆ ಬಾಗಿಲು ಮುಚ್ಚಿಸಿ, ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡು, ಗುಟ್ಟು ಹೇಳಿದಳು. ಅದು ಮಾವನ ಕೋಟು. ಮಾವ ಎಂದರೆ ಕಂಪನಿಯ ಹಳೆಯ ಹಾಸ್ಯನಟ. ಬಿಟ್ಟಿ ಊಟದ ಮಾವನ ಪಾರ್ಟು ಮಾಡಿ ಮಾಡಿ ಸ್ವಂತ ಹೆಂಡತಿಯೂ ಅವರನ್ನು ಮಾವ ಎಂದೇ ಕರೆಯುವಷ್ಟಾಗಿತ್ತು. ಆ ಮಾವ ಒಂದು ಮನೆಗೆ ನೆಂಟನಾಗಿ ಬಂದು ಕೂರುತ್ತಾನೆ. ಇಷ್ಟು ದಿನ ಎಲ್ಲಿದ್ದಿರಿ ಎಂದು ಮನೆಯವರು ಕೇಳುತ್ತಾರೆ. ಆಗ ಅವನು ಕೋಟಿನ ಕಲೆಗಳನ್ನು ಒಂದೊಂದಾಗಿ ತೋರಿಸುತ್ತ, ಇದು ಇಂಥವರ ಮನೆಯದು, ಇದು ಇಂಥವರ ಮನೆಯದು ಎಂದು ಕಾಲು ಗಂಟೆ ಕಥೆ ಹೇಳುತ್ತಾನೆ. ಜನ ದುಡ್ಡು ಕೊಟ್ಟು ಬರುವುದೇ ಆ ಕಾಲು ಗಂಟೆಗೆ. ನಾಟಕದ ಪುಸ್ತಕದಲ್ಲಿ ಆ ಮಾತು ಇರುವುದು ಅರ್ಧ ಪುಟ. ಉಳಿದದ್ದನ್ನೆಲ್ಲ ಮಾವ ಹನ್ನೊಂದು ವರ್ಷದಲ್ಲಿ ತಾವೇ ಬೆಳೆಸಿದ್ದರು. ಎಲ್ಲೂ ಬರೆದಿಟ್ಟಿರಲಿಲ್ಲ.

"ಅವರಿಗೆ ಮರೆವು," ಎಂದಳು ಪೆಟ್ಟಿಗೆಯಕ್ಕ. "ಕಲೆ ನೋಡಿದರೆ ಮಾತು ಬರುತ್ತೆ, ಇಲ್ಲದಿದ್ದರೆ ಇಲ್ಲ. ನನಗೊಬ್ಬಳಿಗೇ ಗೊತ್ತಿದ್ದದ್ದು. ನಾಳೆ ಸಂಜೆ ಈ ಸೀಸನ್ನಿನ ಮೊದಲ ಆಟ. ಹೊಸ ಮ್ಯಾನೇಜರು ಆಗಲೇ ಒಬ್ಬ ಎಳೇ ನಟನಿಗೆ ಆ ಅರ್ಧ ಪುಟ ಕಲಿಸಿ ಇಟ್ಕೊಂಡಿದ್ದಾರೆ. ನಾಳೆ ಮುದುಕ ಒಂದು ಸಲ ತಡವರಿಸಿದರೆ ಸಾಕು, ಪಾರ್ಟು ಹೋಯ್ತು. ಪಾರ್ಟು ಹೋದರೆ ಮನುಷ್ಯ ಉಳಿಯಲ್ಲ."

ಚಿಕ್ಕಮ್ಮ ಬಾಮೈದನ ಕಡೆ ನೋಡಿದಳು. ಅವನು ರಬ್ಬರ್ ಮುದ್ರೆಯನ್ನು ಮೆಲ್ಲಗೆ ಜೇಬಿಗೆ ಸೇರಿಸುತ್ತಿದ್ದ.

"ಅವನನ್ನ ಆಮೇಲೆ ನೋಡ್ಕೊಳ್ತೀನಿ," ಎಂದಳು ಆಕೆ. "ಮೊದಲು ಮಾವನ್ನ ಕರ್ಕೊಂಡು ಬಾ."

ಮಾವ ಬಂದರು. ದೊಡ್ಡ ಹೊಟ್ಟೆ, ಸಣ್ಣ ಕಾಲು, ಮುಖದಲ್ಲಿ ಸದಾ ಏನೋ ಮರೆತ ಕಳೆ. ಕೋಟನ್ನು ನೋಡಿ, "ಯಾರದ್ದಮ್ಮ ಇದು, ಚೆನ್ನಾಗಿದೆ" ಎಂದರು. ಪೆಟ್ಟಿಗೆಯಕ್ಕ ತೊಡಿಸಿದಳು. ಅಭ್ಯಾಸಬಲದಿಂದ ಹೊಟ್ಟೆ ಮುಂದೆ ಬಂತು, ಬಲಗೈ ಮೇಲೆದ್ದಿತು, ತೋರುಬೆರಳು ಎಡಭುಜಕ್ಕೆ ಬಂತು. ಅಲ್ಲಿ ಏನೂ ಇರಲಿಲ್ಲ. ಬೆರಳು ಕೆಳಗೆ ಬಂತು, ಇನ್ನೂ ಕೆಳಗೆ ಬಂತು, ಗುಂಡಿಯ ಹತ್ತಿರ ನಿಂತಿತು.

"ನಾನು..." ಎಂದರು ಮಾವ. "ನಾನು ಎಲ್ಲಿಗೆ ಹೋಗಿದ್ದೆ?"

ಅವರ ಕಣ್ಣಲ್ಲಿ ನೀರು ಬಂತು. "ಅಳಿಸಿಬಿಟ್ಟಿರಲ್ಲಮ್ಮಾ! ನನ್ನ ಪಾರ್ಟನ್ನೇ ಅಳಿಸಿಬಿಟ್ಟಿರಲ್ಲಾ!"

"ಅಳಿಸೋದು ಕಾಗದಾನ. ನಾನು ಬಿಡಿಸಿದ್ದು," ಎಂದುಬಿಟ್ಟಳು ಚಿಕ್ಕಮ್ಮ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮನೆಗೆ ಬೆಂಕಿ ಬಿದ್ದಾಗಲೂ ಅದನ್ನು ಆರಿಸಬೇಕೋ ನಂದಿಸಬೇಕೋ ಎಂದು ಕೇಳುವ ಜಾತಿ ತನ್ನದು ಎಂದು ಅವತ್ತು ಮೊದಲ ಬಾರಿಗೆ ಆಕೆಗೇ ಅನ್ನಿಸಿತು.

ಆಮೇಲೆ ಎದ್ದು ಹೋಗಿ ಮೊಳೆಯಿಂದ ರಟ್ಟು ತಂದಳು. ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿ ಇಟ್ಟು ನೋಡಿದಳು. ದಪ್ಪ ಉಣ್ಣೆಯಲ್ಲಿ ಸೂಜಿ ಹೋದ ತೂತುಗಳು ಇನ್ನೂ ಮುಚ್ಚಿರಲಿಲ್ಲ. ಒಂದು ಜಾಗಕ್ಕೆ ನಾಲ್ಕರಂತೆ, ಹದಿನಾಲ್ಕು ಜಾಗ. ಯಾವ ಜಾಗದಲ್ಲಿ ಯಾವುದು ಎಂಬುದನ್ನು ರಟ್ಟಿನ ದಾರ ಹೇಳುತ್ತಿತ್ತು.

"ಕೂತ್ಕೊಳ್ಳಿ ಮಾವ," ಎಂದಳು. "ಎಲ್ಲಾ ವಾಪಸ್ ಹಾಕಿಕೊಡ್ತೀನಿ."

ಬಾಯಲ್ಲಿ ಹೇಳಿದಷ್ಟು ಸುಲಭವಾಗಿರಲಿಲ್ಲ ಆ ಕೆಲಸ. ಮೊದಲನೆಯದು ಎಡಭುಜದ ಚಹಾ. ಲೋಟ ತರಿಸಿ, ಚಮಚದಲ್ಲಿ ಎತ್ತಿ, ಒಂದು ಹನಿ ಬಿಟ್ಟಳು. ಹನಿ ಬಟ್ಟೆ ಮುಟ್ಟುವುದೇ ತಡ, ಆಕೆಯ ಎಡಗೈ ತಾನಾಗಿ ಹೋಗಿ ಒರೆಸಿಬಿಟ್ಟಿತು. ಇನ್ನೊಂದು ಹನಿ ಬಿಟ್ಟಳು. ಅದನ್ನೂ ಒರೆಸಿತು. ಮೂರನೇ ಸಲ ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಆಗ ಬಲಗೈಯೇ ಪಕ್ಕಕ್ಕೆ ಸರಿದು ಚಹಾ ಮೇಜಿಗೆ ಬಿತ್ತು.

"ಅತ್ತ ಸರೀರಿ ಚಿಕ್ಕಮ್ಮ," ಎಂದ ಬಾಮೈದ. "ಚೆಲ್ಲೋದು ನನಗೆ ಬಿಡಿ. ಹುಟ್ಟಿದಾಗಿಂದ ಅದೇ ಕಸುಬು."

ಅವನು ಲೋಟ ಹಿಡಿದ. ಕುಡಿಯಲು ಹೋದ ಹಾಗೆ ಮಾಡಿದ. ಚಹಾ ಅವನ ಕೈಯಿಂದ ಜಾರಿ, ಸೂಜಿಯ ನಾಲ್ಕು ತೂತುಗಳ ನಡುವೆ, ಅಳೆದು ಹಾಕಿದಂತೆ ಬಿತ್ತು. ಕೋಣೆಯೇ ಬೆರಗಾಯಿತು. ಆ ಮನುಷ್ಯನಿಗೆ ದೇವರು ಕೊಟ್ಟಿದ್ದ ಒಂದೇ ವಿದ್ಯೆ ಅದು, ಅದಕ್ಕೆ ಇಷ್ಟು ವರ್ಷ ಯಾರೂ ಕೆಲಸ ಕೊಟ್ಟಿರಲಿಲ್ಲ ಅಷ್ಟೆ.

"ಇಸ್ತ್ರಿ!" ಎಂದಳು ಚಿಕ್ಕಮ್ಮ.

ಇಸ್ತ್ರಿಯವನು ತನ್ನ ಕಿವಿ ನಂಬಲಿಲ್ಲ. ಕಲೆಯ ಮೇಲೆ ಬಿಸಿ ತಾಗಿದರೆ ಅದು ಬಟ್ಟೆಯಲ್ಲಿ ಶಾಶ್ವತವಾಗಿ ಕೂತುಬಿಡುತ್ತದೆ. ಅದೇ ಕಾರಣಕ್ಕೆ ಆಕೆ ಅವನಿಗೆ ಮೂರು ಸಲ ಚಮಚದಿಂದ ಹೊಡೆದಿದ್ದಳು.

"ಕಲೆ ಮೇಲೆ ಹಾಕಲಾ ಚಿಕ್ಕಮ್ಮ? ನಿಜವಾಗಲೂ?"

"ಹಾಕು. ನಾನು ನೋಡಲ್ಲ." ಆಕೆ ಗೋಡೆಯ ಕಡೆ ತಿರುಗಿ ನಿಂತಳು. ಹಿಂದಿನಿಂದ ಚುಸ್ ಎಂದಿತು. ಯಾರೋ ತನ್ನ ಬೆನ್ನಿಗೇ ಒತ್ತಿದಂತೆ ಭುಜ ಕುಗ್ಗಿಸಿದಳು.

"ಆ!" ಎಂದರು ಮಾವ, ಕಂದು ಉಂಗುರವನ್ನು ದಿಟ್ಟಿಸುತ್ತ. "ಜಿಪುಣ ನಾದಿನಿ! ಒಂದೇ ಎಲೆಯಲ್ಲಿ ಹದಿನೇಳು ದಿನ ಚಹಾ ಮಾಡಿದಳು. ಕೊನೇ ದಿನ ನಾನು ಆ ಎಲೇನ ಹೆಸರು ಹಿಡಿದು ಮಾತಾಡಿಸ್ತಿದ್ದೆ!"

ಆಮೇಲೆ ಕೆಲಸ ಓಡಿತು. ಚಿಕ್ಕಮ್ಮ ರಟ್ಟು ನೋಡಿ ಕೂಗುವುದು, ಬಾಮೈದ ಚೆಲ್ಲುವುದು, ಇಸ್ತ್ರಿಯವನು ಕೂರಿಸುವುದು, ಮಾವ ಹೇಳುವುದು. ಯಜಮಾನರು ಮೊಟ್ಟೆ ಒಡೆದು ಕೊಟ್ಟರು. ಶಾಯಿಯ ಹತ್ತಿರ ಮಾವನಿಗೆ ನಾಲ್ಕು ನಿಮಿಷ ಏನೂ ಹೊಳೆಯಲಿಲ್ಲ. "ಇನ್ನೂ ಸ್ವಲ್ಪ ಉದ್ದ ಇತ್ತು ಅದು, ಬಾಲ ಇತ್ತು" ಎಂದು ಚಿಕ್ಕಮ್ಮ ನೆನಪು ಮಾಡಿಕೊಂಡಳು. ಬಾಮೈದ ಬಾಲ ಎಳೆದ ಕೂಡಲೇ ಮಾವನಿಗೆ ಪೋಸ್ಟ್‌ಮ್ಯಾನ್ ಮನೆಯ ಊಟದ ಕಥೆ ಸರ್ರನೆ ಬಂತು. ಸಂಜೆ ಆರಕ್ಕೆ ಹದಿನಾಲ್ಕೂ ಮುಗಿದವು. ಪೆಟ್ಟಿಗೆಯಕ್ಕ ಕೋಟನ್ನು ಹಿಂದೆ ಮುಂದೆ ತಿರುಗಿಸಿ, "ಥೇಟ್ ಅದೇ ಕೊಳಕು" ಎಂದಳು. ಚಿಕ್ಕಮ್ಮನಿಗೆ ಅದು ಹೊಗಳಿಕೆ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಮರುದಿನ ಸಂಜೆ ಲಾಂಡ್ರಿಗೆ ಲಾಂಡ್ರಿಯೇ ನಾಟಕಕ್ಕೆ ಹೋಯಿತು. ಪೆಟ್ಟಿಗೆಯಕ್ಕ ಚಿಕ್ಕಮ್ಮನಿಗೂ ಸೊಸೆಗೂ ಮೊದಲ ಸಾಲಿನಲ್ಲಿ ಜಾಗ ಮಾಡಿಸಿದ್ದಳು. ಪಕ್ಕದ ಸಾಲಿನ ತುದಿಯಲ್ಲಿ ಹೊಸ ಮ್ಯಾನೇಜರು ಕೈಕಟ್ಟಿ ಕೂತಿದ್ದರು. ಅವರ ಜೊತೆ ಆ ಎಳೆಯ ನಟ, ಕೂದಲು ಬಾಚಿಕೊಂಡು, ತುಟಿಯಲ್ಲೇ ಅರ್ಧ ಪುಟ ಹೇಳಿಕೊಳ್ಳುತ್ತಿದ್ದ.

ಮಾವ ಬಂದರು. ಬಂದದ್ದಕ್ಕೇ ಜನ ನಕ್ಕರು. ಎಲ್ಲಿದ್ದಿರಿ ಇಷ್ಟು ದಿನ ಎಂದು ಮನೆಯೊಡತಿಯ ಪಾರ್ಟಿನವಳು ಕೇಳಿದಳು. ಮಾವನ ಬೆರಳು ಎಡಭುಜಕ್ಕೆ ಹೋಯಿತು. ಜಿಪುಣ ನಾದಿನಿ, ಹದಿನೇಳು ದಿನ, ಒಂದೇ ಎಲೆ. ಜನ ಹೊಟ್ಟೆ ಹಿಡಿದುಕೊಂಡರು. ಎರಡನೆಯದು ಎಣ್ಣೆ, ಮೂರನೆಯದು ಮೇಣ, ನಾಲ್ಕನೆಯದು ಹಣ್ಣು. ಚಿಕ್ಕಮ್ಮ ತೊಡೆಯ ಮೇಲೆ ಬೆರಳು ಮಡಚುತ್ತಿದ್ದಳು.

ಐದನೆಯದು ಮೊಟ್ಟೆ. ಆದರೆ ರಂಗದ ಮೇಲಿನ ದೀಪ ಹಳದಿ. ಹನ್ನೊಂದು ವರ್ಷದ ಹಳೆಯ ಮೊಟ್ಟೆಯಾದರೆ ಗಟ್ಟಿಯಾಗಿ ಎದ್ದು ಕಾಣುತ್ತಿತ್ತು. ನಿನ್ನೆಯ ಮೊಟ್ಟೆ ಆ ಬೆಳಕಿನಲ್ಲಿ ಚಹಾದಂತೆಯೇ ಇತ್ತು. ಮಾವ ಬಗ್ಗಿ ನೋಡಿದರು. "ಇದು ನನ್ನ ನಾದಿನಿ ಮನೇದು," ಎಂದರು. "ಎಂಥ ಜಿಪುಣಿ ಗೊತ್ತಾ? ಒಂದೇ ಎಲೆಯಲ್ಲಿ..."

ಜನ ಅರ್ಧ ನಕ್ಕು ನಿಲ್ಲಿಸಿದರು. ಎಲ್ಲೋ ಒಂದು ಕುರ್ಚಿ ಕಿರುಗುಟ್ಟಿತು. ಮ್ಯಾನೇಜರು ಕಟ್ಟಿದ ಕೈ ಬಿಚ್ಚಿ ಎಳೆಯ ನಟನ ಕಡೆ ವಾಲಿದರು. ಮಾವ ನಿಂತರು. ಹೇಳಿದ್ದನ್ನೇ ಹೇಳುತ್ತಿದ್ದೇನೆ ಎಂದು ಅವರಿಗೂ ತಿಳಿಯಿತು. ಮತ್ತೆ ಕಲೆ ನೋಡಿದರು, ಮತ್ತೆ ಅದೇ ನಾದಿನಿ ಕಂಡಳು. ಬಾಯಿ ತೆರೆದು, "ಹದಿನೇಳು ದಿನ..." ಎಂದರು, ದನಿ ಸಣ್ಣದಾಗಿ.

"ಅದು ಚಹಾ ಅಲ್ಲ," ಎಂದಳು ಚಿಕ್ಕಮ್ಮ ಮೊದಲ ಸಾಲಿನಿಂದ. "ಮೊಟ್ಟೆ."

ಸೊಸೆ ಅತ್ತೆಯ ತೋಳು ಹಿಡಿದು, "ಅತ್ತೇ, ಸುಮ್ಮನಿರಿ, ಮರ್ಯಾದೆ ಹೋಗುತ್ತೆ" ಎಂದು ಪಿಸುಗುಟ್ಟಿದಳು. ಆದರೆ ತಪ್ಪು ಮಾತು ಕಿವಿಗೆ ಬಿದ್ದ ಮೇಲೆ ಚಿಕ್ಕಮ್ಮನನ್ನು ತಡೆದವರುಂಟೇ?

ಮಾವ ಕಣ್ಣಿಗೆ ಕೈ ಅಡ್ಡ ಹಿಡಿದು ಕತ್ತಲೆಯೊಳಗೆ ನೋಡಿದರು. "ಯಾರಮ್ಮಾ ಅದು? ನಾನು ತಿಂದದ್ದು ನಿಮಗೆ ಹೇಗೆ ಗೊತ್ತು?"

"ಅಯ್ಯೋ, ನಿಮ್ಮ ಕೋಟು ನನಗೆ ಗೊತ್ತಿಲ್ವಾ? ಮೇಲಿನದು ಚಹಾ, ಇದು ಮೊಟ್ಟೆ."

ಜನ ಭೋರ್ ಎಂದು ನಕ್ಕರು. ಮನೆಯೊಡತಿಯ ಪಾರ್ಟಿನವಳೂ ಹಿಡಿತ ತಪ್ಪಿ ನಕ್ಕುಬಿಟ್ಟಳು.

"ಮೊಟ್ಟೆ ಅನ್ನಿ. ಯಾರ ಮನೇದು ತಾಯಿ?"

"ತಿಂದವರು ನೀವು, ಕೇಳೋದು ನನ್ನನ್ನಾ? ಕೋಳಿ ಸಾಕಿದ್ದ ಸೋದರತ್ತೆ ಮನೇದು ಅಂತ ನಿನ್ನೆ ನೀವೇ ಹೇಳಿದ್ರಲ್ಲ!"

ಮಾವನ ಮುಖದ ಮೇಲೆ ದೀಪ ಹಚ್ಚಿದಂತಾಯಿತು. "ಸೋದರತ್ತೆ!" ಎಂದು ಕೂಗಿ, ಹುಂಜ ತನ್ನನ್ನು ಅಟ್ಟಿಸಿಕೊಂಡು ಬಂದದ್ದು, ತಾನು ಗೂಡಿನೊಳಗೆ ಎರಡು ರಾತ್ರಿ ಕಳೆದದ್ದು, ಬೆಳಿಗ್ಗೆ ಅತ್ತೆ ತನ್ನ ಕೆಳಗೂ ಕೈ ಹಾಕಿ ಮೊಟ್ಟೆ ಹುಡುಕಿದ್ದು, ಎಲ್ಲವನ್ನೂ ಹೇಳಿದರು. ಅಲ್ಲಿಂದ ಮುಂದೆ ಅವರು ಕಲೆ ನೋಡಲೇ ಇಲ್ಲ. ಬೆರಳಿಡುವರು, ಮೊದಲ ಸಾಲಿನ ಕಡೆ ಹುಬ್ಬು ಹಾರಿಸುವರು. "ಎಣ್ಣೆ," ಎನ್ನುವಳು ಚಿಕ್ಕಮ್ಮ. "ಚಹಾ." "ಶಾಯಿ, ಬಾಲ ಇದೆ ನೋಡಿ." ಒಮ್ಮೆ ಅವರು ಬೇಕೆಂದೇ ತಪ್ಪು ಹೇಳಿದರೆ ಆಕೆ ಸ್ಟೂಲಿನ ಮೇಲೆ ಕೂತ ಗತ್ತಿನಲ್ಲೇ ಗದರಿದಳು. ಆಕೆಗೆ ಅದು ನಾಟಕವಾಗಿರಲಿಲ್ಲ. ಕೋಟಿನ ಲೆಕ್ಕ ಸರಿಯಾಗಬೇಕು, ಅಷ್ಟೆ. ಅದರಿಂದಲೇ ಜನಕ್ಕೆ ಉಸಿರು ಸಿಕ್ಕಿಕೊಳ್ಳುವಷ್ಟು ನಗು ಬಂತು.

"ಇದೊಂದು ಉಳೀತು ತಾಯಿ," ಎಂದರು ಮಾವ, ಕೋಟಿನ ಅಂಚು ಎತ್ತಿ ಹಿಡಿದು.

"ಅದು ಎಣ್ಣೆ. ಹದಿನಾಲ್ಕನೇದು. ಇದಾದ ಮೇಲೆ ನೀವು ಹೊರಡಬೇಕು."

"ಹೊರಡಬೇಕಾ?" ಮಾವ ಮನೆಯೊಡತಿಯ ಕಡೆ ತಿರುಗಿದರು, ಜನರ ಕಡೆ ತಿರುಗಿದರು. "ಊಟ ಆಗದೇನೇ?"

ಪರದೆ ಬಿದ್ದರೂ ಚಪ್ಪಾಳೆ ನಿಲ್ಲಲಿಲ್ಲ. ಎಳೆಯ ನಟನೂ ತನ್ನ ಅರ್ಧ ಪುಟ ಮರೆತು ಚಪ್ಪಾಳೆ ತಟ್ಟುತ್ತಿದ್ದ.

ಆಟ ಮುಗಿದ ಮೇಲೆ ಮ್ಯಾನೇಜರು ರಂಗದ ಹಿಂದಿನ ಕೋಣೆಗೆ ಬಂದರು. ಮಾವ ಕೋಟಿನಲ್ಲೇ ಕುರ್ಚಿಗೆ ಒರಗಿದ್ದರು. ಕೋಟಿನ ಅಂಚನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಪೆಟ್ಟಿಗೆಯಕ್ಕ ಅವರಿಗೆ ಗಾಳಿ ಬೀಸುತ್ತಿದ್ದಳು.

"ಮೊದಲ ಸಾಲಿನ ಪಾರ್ಟು ಸೇರಿಸೋ ಉಪಾಯ ಯಾರದ್ದು?" ಎಂದು ಕೇಳಿದರು ಮ್ಯಾನೇಜರು.

ಮಾವ ಬಾಯಿ ತೆರೆದರು, ಎಲ್ಲಿ ನಿಜ ಹೇಳಿಬಿಡುತ್ತಾರೋ ಎಂದು ಪೆಟ್ಟಿಗೆಯಕ್ಕ ಬೀಸಣಿಗೆಯಿಂದ ಅವರ ಮೂಗಿಗೆ ಒಂದು ಕೊಟ್ಟಳು.

"ಮಾವಂದೇ ಸರ್," ಎಂದಳು. "ಹೊಸ ಸೀಸನ್‌ಗೆ ಅಂತ."

"ಈ ಪಾರ್ಟು ಇನ್ನು ಬೇರೆಯವರ ಕೈಲಿ ಆಗೋ ಹಾಗಿಲ್ಲ ಬಿಡಿ," ಎಂದರು ಮ್ಯಾನೇಜರು, ಸ್ವಲ್ಪ ಬೇಸರದಿಂದಲೇ. ಮಾವ ಹಿಡಿದಿದ್ದ ಕೋಟಿನ ಅಂಚನ್ನು ಬಿಟ್ಟರು. ಮ್ಯಾನೇಜರು ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮನ ಕಡೆ ತಿರುಗಿದರು. "ಅಮ್ಮಾ, ಮುಂದಿನ ಶನಿವಾರವೂ ನೀವು ಬರಬೇಕು. ಮೊದಲ ಸಾಲಿನ ಆ ಕುರ್ಚಿ ನಿಮ್ಮದೇ."

ಚಿಕ್ಕಮ್ಮ ಒಮ್ಮೆ ರಂಗದ ಕಡೆ ಕತ್ತು ಚಾಚಿ ನೋಡಿದಳು.

"ಬರ್ತೀನಿ," ಎಂದಳು. "ಆದರೆ ಆ ದೀಪ ಬದಲಾಯಿಸಿ. ಅದರಲ್ಲಿ ಮೊಟ್ಟೇನೂ ಒಂದೇ, ಚಹಾನೂ ಒಂದೇ. ಅಂಥ ಬೆಳಕಲ್ಲಿ ಯಾರಾದರೂ ಕೆಲಸ ಮಾಡ್ತಾರಾ?"

ಮುಂದಿನ ವಾರ ಬಿಳಿ ದೀಪ ಬಂತು. ಈಗ ಮೊಟ್ಟೆ ಮೊಟ್ಟೆಯಂತೆಯೇ ಕಾಣುತ್ತದೆ. ಆದರೂ ಐದನೆಯ ಕಲೆ ಬಂದಾಗಲೆಲ್ಲ ಮಾವ ಬೆರಳಿಟ್ಟುಕೊಂಡು ಮೊದಲ ಸಾಲಿನ ಕಡೆ ನೋಡುತ್ತಾರೆ, ಆಕೆ ಹೇಳುವವರೆಗೂ ಬಾಯಿ ಬಿಡುವುದಿಲ್ಲ.